ಹುಟ್ಟಿದ ವರ್ಷವೂ ಮೈಯ ವಯಸ್ಸೂ

ತುಂಗಭದ್ರಾ ಅಣೆಕಟ್ಟೆಯ ಎಡದಂಡೆಯಲ್ಲಿರುವ ಮುನಿರಾಬಾದಿನಲ್ಲಾಗಲಿ, ಸುತ್ತಣ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಾಗಲಿ, ಎಂಟನೆಯ ತರಗತಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ವೈಚಿತ್ರ್ಯ ಕಣ್ಣಿಗೆ ಬೀಳುತ್ತದೆ. ಒಂದೇ ವರ್ಷದಲ್ಲಿ ಹುಟ್ಟಿದವರೊಳಗೆ ಒಬ್ಬನಿಗೆ ಮೀಸೆ ಚಿಗುರಿ ದನಿ ಒಡೆದಿರುತ್ತದೆ; ಪಕ್ಕದವನು ಇನ್ನೂ ಎಳೆಯ ಬಾಲಕನಂತೆಯೇ ಇರುತ್ತಾನೆ. ಕಬಡ್ಡಿಯ ತಂಡವನ್ನು ಆರಿಸುವಾಗ ಮೊದಲನೆಯವನಿಗೆ ಕರೆ ಬರುತ್ತದೆ. ಎರಡನೆಯವನು ಗೆರೆಯಾಚೆ ಕುಳಿತು ಅಂಕ ಬರೆಯುತ್ತಾನೆ. ಈ ಆಯ್ಕೆ ನ್ಯಾಯವೆಂದು ನಾವು ಒಪ್ಪಲಾರೆವು. ವಿಜ್ಞಾನವೂ ಅದನ್ನು ಸಮರ್ಥಿಸುವುದಿಲ್ಲ.

ಪ್ರತಿಯೊಬ್ಬ ಹುಡುಗನಿಗೂ ಎರಡು ವಯಸ್ಸುಗಳುಂಟು. ಒಂದು ಪಂಚಾಂಗದ್ದು, ಇನ್ನೊಂದು ಮೈಯದು. ಗಂಡುಮಕ್ಕಳಲ್ಲಿ ಯೌವನೋದಯವು ಸಾಮಾನ್ಯವಾಗಿ 9ರಿಂದ 14 ವರ್ಷಗಳ ನಡುವೆ ಯಾವಾಗ ಬೇಕಾದರೂ ಆರಂಭವಾಗಬಹುದು. ಎತ್ತರವು ಅತ್ಯಂತ ವೇಗವಾಗಿ ಏರುವ ಕಾಲ ಸರಾಸರಿಯಲ್ಲಿ 14ನೆಯ ವರ್ಷದ ಆಸುಪಾಸಿನದು. ಆಗ ವರ್ಷಕ್ಕೆ ಸುಮಾರು 9 ಸೆಂಟಿಮೀಟರ್ ಬೆಳವಣಿಗೆ ಕಾಣುತ್ತದೆ. ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಹೆಚ್ಚಿದಂತೆ ಸ್ನಾಯುಗಳು ತುಂಬಿಕೊಳ್ಳುತ್ತವೆ. ರಕ್ತದಲ್ಲಿ ಹಿಮೋಗ್ಲೋಬಿನ್ ಏರುತ್ತದೆ. ಆದುದರಿಂದ 13ರ ಹುಡುಗನ ಓಟದಲ್ಲಿ ಅಭ್ಯಾಸದ ಪಾಲೆಷ್ಟು, ಬೇಗ ಬಂದ ಪ್ರಾಯದ ಪಾಲೆಷ್ಟು ಎಂಬುದನ್ನು ಗಡಿಯಾರವೊಂದೇ ಹೇಳಲಾರದು. ಆದರೂ ಶಾಲಾ ಕ್ರೀಡಾಕೂಟಗಳಲ್ಲಿ 14, 17, 19 ವರ್ಷದೊಳಗಿನವರೆಂಬ ವಿಂಗಡಣೆಗೆ ಜನ್ಮದಿನಾಂಕವೇ ಆಧಾರ.

ತಡವಾಗಿ ಬೆಳೆಯುವವನು ದುರ್ಬಲನಲ್ಲ; ಅವನ ಸರದಿ ಇನ್ನೂ ಬಂದಿಲ್ಲ, ಅಷ್ಟೆ. 18ರ ವೇಳೆಗೆ ಈ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆದರೆ ಅಷ್ಟರಲ್ಲಿ ಅವನು ಆಟವನ್ನೇ ಬಿಟ್ಟಿದ್ದರೆ ಗತಿಯೇನು? ವಯಸ್ಕನ ಮೂಳೆಗಳಲ್ಲಿರುವ ಖನಿಜದ ಸುಮಾರು ಕಾಲುಭಾಗವು ಬೆಳವಣಿಗೆಯ ಭರಾಟೆಯ ಎರಡು ವರ್ಷಗಳಲ್ಲಿಯೇ ಸಂಗ್ರಹವಾಗುತ್ತದೆ. ಓಟ, ನೆಗೆತಗಳು ಈ ಸಂಗ್ರಹಕ್ಕೆ ನೆರವಾಗುತ್ತವೆ. 13ರಲ್ಲಿ ಬಯಲಿನಿಂದ ಹೊರಗುಳಿದವನು ತನ್ನ ಸರದಿ ಬಂದಾಗ ಬಯಲಿನಲ್ಲಿರುವುದೇ ಇಲ್ಲ. ನಷ್ಟ ಪದಕದ್ದಲ್ಲ, ಮೂಳೆಯದು.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತೆ ಮೈಯಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. 2016ರ ಅಂಕಿ ಅಂಶಗಳಂತೆ, 11ರಿಂದ 17 ವರ್ಷದ ಹುಡುಗರಲ್ಲಿ ಜಗತ್ತಿನಾದ್ಯಂತ 100ಕ್ಕೆ ಸುಮಾರು 78 ಮಂದಿ ಅಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ಈ ಒಂದು ಗಂಟೆಗೆ ತಂಡದ ಆಯ್ಕೆ ಬೇಕಿಲ್ಲ. ಶಾಲೆಗೆ ನಡೆಯುವುದು, ಸೈಕಲ್ ತುಳಿಯುವುದು, ನೀರು ಹೊರುವುದು, ಚಿನ್ನಿದಾಂಡು, ಲಗೋರಿ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಸೀಮೆಯ ಬಿಸಿಲು ಕಡುವಾದುದರಿಂದ ಬೇಸಗೆಯಲ್ಲಿ ಬೆಳಗು, ಸಂಜೆಗಳೇ ಇದಕ್ಕೆ ತಕ್ಕ ಹೊತ್ತು.

ಗೆಲ್ಲುವ ತಂಡ ಬೇಡವೆ ಎಂದು ಕೇಳುವವರುಂಟು. ಬೇಕು, ಆದರೆ ಒಂದು ವರ್ಷ ಬಿಟ್ಟವನನ್ನು ಮರುವರ್ಷ ಮತ್ತೆ ಪರೀಕ್ಷಿಸತಕ್ಕದ್ದು. ಶಾಲೆಯ ಗೋಡೆಯ ಮೇಲೆ ಆರು ತಿಂಗಳಿಗೊಮ್ಮೆ ಎತ್ತರವನ್ನು ಗುರುತಿಸಿದರೆ ಯಾರ ಭರಾಟೆ ಎಂದು ಆರಂಭವಾಯಿತೆಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಇಂಗ್ಲೆಂಡಿನ ಕೆಲವು ಫುಟ್‌ಬಾಲ್ ಕ್ಲಬ್ಬುಗಳು ಹುಡುಗರನ್ನು ಆಗಾಗ ಮೈಯ ಬೆಳವಣಿಗೆಗೆ ಅನುಸಾರವಾಗಿ ವಿಂಗಡಿಸಿ ಆಡಿಸುತ್ತವೆ. ನಮ್ಮ ಬಯಲುಗಳಲ್ಲಿಯೂ ಅದು ಅಸಾಧ್ಯವಲ್ಲ. 14 ತುಂಬಿದರೂ ಯೌವನದ ಯಾವ ಚಿಹ್ನೆಯೂ ತೋರದಿದ್ದರೆ ವೈದ್ಯರನ್ನು ಕಾಣುವುದು ಲೇಸು.

ಓದುವ ತರುಣರಿಗೆ ನಮ್ಮ ಮಾತು ಇಷ್ಟೆ: ಗೆಳೆಯನ ಭುಜದೊಡನೆ ನಿಮ್ಮ ಭುಜವನ್ನು ಅಳೆಯಬೇಡಿರಿ. ಕಳೆದ ವರ್ಷದ ನಿಮ್ಮೊಡನೆ ಈ ವರ್ಷದ ನಿಮ್ಮನ್ನು ಅಳೆಯಿರಿ, ಮತ್ತು ಬಯಲನ್ನು ಬಿಡಬೇಡಿರಿ.