ಹೇಜಲ್‌ನಟ್ ತಿನ್ನಿ, ಆದರೆ ಮಾತ್ರೆ ಬಿಡಬೇಡಿ!

ಮೊನ್ನೆ ನಾದಿನಿ ಮನೆಗೆ ಹೋಗಿದ್ದೆ. ಕಾಫಿ ಜತೆ ಒಂದು ಬಟ್ಟಲಲ್ಲಿ ಗುಂಡಗಿನ, ಕಂದು ಸಿಪ್ಪೆಯ ಬೀಜ ತಂದಿಟ್ಟಳು. "ಹೇಜಲ್‌ನಟ್ ಅತ್ತಿಗೆ, ನಮ್ಮ ಮೈದುನ ಜರ್ಮನಿಯಿಂದ ತಂದಿದ್ದು. ಇದ್ರಲ್ಲಿ ಐರನ್ ತುಂಬಾ ಇದೆಯಂತೆ. ಹಿಮೋಗ್ಲೋಬಿನ್ 9 ಅಂತ ಡಾಕ್ಟ್ರು ಮಾತ್ರೆ ಕೊಟ್ಟಿದ್ರಲ್ಲ, ಹೊಟ್ಟೆಗೆ ಆಗಿಬರಲಿಲ್ಲ, ನಿಲ್ಲಿಸಿಬಿಟ್ಟೆ. ಈಗ ದಿನಾ ಒಂದು ಹಿಡಿ ಇದನ್ನೇ ತಿಂತಿದೀನಿ" ಅಂದಳು. ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಹೇಜಲ್‌ನಟ್ ಕೆಟ್ಟದ್ದಲ್ಲ. ಟರ್ಕಿಯ ಕಪ್ಪು ಸಮುದ್ರದ ತೀರದಲ್ಲಿ, ಗಿರೆಸುನ್, ಒರ್ಡು ಕಡೆಯ ಗುಡ್ಡಗಳಲ್ಲಿ ಇದನ್ನು ತಲೆತಲಾಂತರದಿಂದ ಬೆಳೆಯುತ್ತಾರೆ. ಜಗತ್ತಿನ ಅರ್ಧಕ್ಕೂ ಹೆಚ್ಚು ಹೇಜಲ್‌ನಟ್ ಬರುವುದು ಟರ್ಕಿಯಿಂದಲೇ. ನೂರು ಗ್ರಾಂ ಬೀಜದಲ್ಲಿ ಸುಮಾರು 680 ಮಿ.ಗ್ರಾಂ ಪೊಟ್ಯಾಷಿಯಂ, 290 ಮಿ.ಗ್ರಾಂ ರಂಜಕ, 163 ಮಿ.ಗ್ರಾಂ ಮೆಗ್ನೀಷಿಯಂ, 114 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಉಪ್ಪು ಹಾಕದಿದ್ದರೆ ಸೋಡಿಯಂ ಇಲ್ಲವೆಂದೇ ಹೇಳಬಹುದು.

ಇದರ ನಿಜವಾದ ಹೆಚ್ಚುಗಾರಿಕೆ ಮ್ಯಾಂಗನೀಸ್ ಮತ್ತು ತಾಮ್ರ. ಒಂದು ಹಿಡಿ, ಅಂದರೆ ಇಪ್ಪತ್ತು ಬೀಜ (ಸುಮಾರು 28 ಗ್ರಾಂ) ತಿಂದರೆ 1.7 ಮಿ.ಗ್ರಾಂ ಮ್ಯಾಂಗನೀಸ್ ಸಿಗುತ್ತದೆ. ಅಮೆರಿಕದ ಲೆಕ್ಕದಲ್ಲಿ ಹೆಣ್ಣಿಗೆ ದಿನಕ್ಕೆ ಬೇಕಾದದ್ದು 1.8. ಹೆಚ್ಚುಕಡಿಮೆ ಒಂದು ದಿನದ್ದು ಬಂದಹಾಗೇ! ಮೂಳೆ ಕಟ್ಟಲು ಮ್ಯಾಂಗನೀಸ್ ಬೇಕು. ದೇಹದಲ್ಲಿರುವ ಕಬ್ಬಿಣ ಸರಿಯಾಗಿ ಬಳಕೆಯಾಗಲು ತಾಮ್ರ ಬೇಕು.

ಇನ್ನು ಕಬ್ಬಿಣದ ವಿಷಯಕ್ಕೆ ಬರೋಣ. ಅದೇ ಒಂದು ಹಿಡಿಯಲ್ಲಿ ಸಿಗುವುದು ಬರೀ 1.3 ಮಿ.ಗ್ರಾಂ. ನಮ್ಮ ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ಹೆಣ್ಣಿಗೆ ದಿನಕ್ಕೆ 29 ಮಿ.ಗ್ರಾಂ ಬೇಕು. ಸಿಗುವ ಆ ಚೂರು ಕಬ್ಬಿಣವೂ ಪೂರ್ತಿ ಮೈಗೆ ಹತ್ತುವುದಿಲ್ಲ. ಬೀಜದಲ್ಲೇ ಇರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ನಾವು ಕುಡಿಯುವ ಕಾಫಿ-ಟೀ ಬೇರೆ ಅಡ್ಡಿ. ಹಿಮೋಗ್ಲೋಬಿನ್ 12 ಇರಬೇಕಾದ ಜಾಗದಲ್ಲಿ 9 ಇದ್ದಾಗ ಬೀಜ ತಿಂದುಕೊಂಡು ಕೂತರೆ ಸುಸ್ತು ಹೋಗುತ್ತದೆಯೇ? ಮಾತ್ರೆ ಒಗ್ಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಕೊಡುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ನನಗೆ ಬೇಸರ ತರಿಸುವ ಇನ್ನೊಂದು ಸಂಗತಿ, ದುಬಾರಿಯಾದದ್ದೆಲ್ಲ ಪೌಷ್ಟಿಕ ಎಂಬ ನಮ್ಮ ನಂಬಿಕೆ. ನಮ್ಮ ಕಡಲೆಕಾಯಿ ಬೀಜದ ನೂರು ಗ್ರಾಂನಲ್ಲಿ 168 ಮಿ.ಗ್ರಾಂ ಮೆಗ್ನೀಷಿಯಂ ಇದೆ. ಅಂದರೆ ಹೇಜಲ್‌ನಟ್‌ಗೆ ಸರಿಸಮ. ಕಬ್ಬಿಣವೂ ಹತ್ತಿರ ಹತ್ತಿರ ಅಷ್ಟೇ, ಪ್ರೊಟೀನ್ ಅಂತೂ ಜಾಸ್ತಿ. ರಾಗಿಯ ಕ್ಯಾಲ್ಸಿಯಂ ಹೇಜಲ್‌ನಟ್‌ಗಿಂತ ಸುಮಾರು ಮೂರು ಪಟ್ಟು. ಸಿಪ್ಪೆ ಸಮೇತ ಎಳ್ಳಿನದು ಎಂಟು ಪಟ್ಟಿಗೂ ಹೆಚ್ಚು! ಸಂಕ್ರಾಂತಿ ಮುಗಿದ ಮೇಲೆ ಎಳ್ಳಿನ ಡಬ್ಬಿಯನ್ನು ಮೂಲೆಗೆ ತಳ್ಳುವವರು ನಾವೇ ಅಲ್ಲವೇ?

ಮಕ್ಕಳ ಟಿಫಿನ್ ಡಬ್ಬಿಗೆ ಚಪಾತಿ ಮೇಲೆ ಸವರಿ ಕಳಿಸುವ ಚಾಕೊಲೇಟ್ ಸ್ಪ್ರೆಡ್ ಕಥೆ ಇನ್ನೂ ಬೇರೆ. 'ನಟ್ಸ್ ಹೋಗುತ್ತಲ್ಲ' ಅಂತ ನಮಗೆ ಸಮಾಧಾನ. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಹೆಸರುವಾಸಿಯಾದ ನುಟೆಲ್ಲಾದಲ್ಲೇ ಹೇಜಲ್‌ನಟ್ ಇರುವುದು ಶೇ. 13 ಮಾತ್ರ. ಪಟ್ಟಿಯಲ್ಲಿ ಮೊದಲು ಬರುವುದು ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಇದನ್ನು ಆರೋಗ್ಯಕರ ತಿಂಡಿಯ ಹಾಗೆ ಜಾಹೀರಾತು ಮಾಡುತ್ತಾರೆಂದು ಕ್ಯಾಲಿಫೋರ್ನಿಯಾದ ಒಬ್ಬ ತಾಯಿ 2011ರಲ್ಲಿ ಕೋರ್ಟಿಗೆ ಹೋದಳು. 2012ರಲ್ಲಿ ಕಂಪನಿ ಸುಮಾರು 30 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಮೋಸ ಹೋಗುವುದು ನಾವು ಮಾತ್ರ ಅಲ್ಲ ಬಿಡಿ.

ಹಾಗಾದರೆ ಹೇಜಲ್‌ನಟ್ ತಿನ್ನಲೇಬಾರದೇ? ಖಂಡಿತ ತಿನ್ನಿ. ಯಾರಾದರೂ ತಂದುಕೊಟ್ಟರೆ, ಕೊಳ್ಳುವ ಅನುಕೂಲವಿದ್ದರೆ ದಿನಕ್ಕೆ ಹತ್ತು-ಹದಿನೈದು ಸಾಕು. ಒಂದು ಹಿಡಿಯಲ್ಲಿ 175 ಕ್ಯಾಲೊರಿಗೂ ಹೆಚ್ಚಿದೆ ಎಂಬುದು ನೆನಪಿರಲಿ. ಉಪ್ಪು, ಸಕ್ಕರೆ ಸೇರಿಸದ್ದನ್ನೇ ಕೊಳ್ಳಿ. ಸಿಪ್ಪೆ ತೆಗೆಯಬೇಡಿ, ನಾರಿನಂಶ ಅದರಲ್ಲೂ ಇದೆ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಕನರು ವಾಸನೆ ಬಂದರೆ ಮುಲಾಜಿಲ್ಲದೆ ಬಿಸಾಡಿ. ಪುಟ್ಟ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಂಡೀತು. ಪುಡಿ ಮಾಡಿ ಕೊಡಿ. ಕೆಲವರಿಗೆ ಇದು ಅಲರ್ಜಿ, ಮೊದಲ ಸಲ ಒಂದು ಚೂರು ತಿಂದು ನೋಡಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ತಿನ್ನಬೇಡಿ, ಪೊಟ್ಯಾಷಿಯಂ ಹೆಚ್ಚಾದೀತು.

ನಾದಿನಿಯನ್ನು ಮಾರನೇ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಬದಲಾಯಿಸಿ ಕೊಟ್ಟರು. ಈಗ ಊಟದ ಜತೆ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳುತ್ತಾಳೆ, ಕಾಫಿಯನ್ನು ಒಂದು ಗಂಟೆ ಮುಂದೂಡಿದ್ದಾಳೆ. ಸಂಜೆ ಹೊತ್ತು ಹತ್ತು ಹೇಜಲ್‌ನಟ್‌ನ್ನೂ ಬಾಯಿಗೆ ಹಾಕಿಕೊಳ್ಳುತ್ತಾಳೆ. ರುಚಿಗೆ, ಔಷಧಿಗಲ್ಲ.