ಅಂಗಳದ ಹುಲ್ಲು ಒಣಗಿದೆ, ಸತ್ತಿಲ್ಲ: ಟೈಲ್ಸ್ ಹಾಕಿಸುವ ಮುಂಚೆ ಒಂದು ಮಳೆ ಕಾಯಿರಿ

ಏಪ್ರಿಲ್‌ನಲ್ಲಿ ನಮ್ಮ ಬಳಗದ ಗೆಳೆಯನೊಬ್ಬನ ಅಕ್ಕನ ಮದುವೆ ಆಯಿತು. ಅರಸೀಕೆರೆ ಕಡೆಯ ಹಳ್ಳಿ. ಮೂರು ವರ್ಷದ ಹಿಂದೆ ಹೊಸ ಮನೆ ಕಟ್ಟಿದಾಗ ಮುಂದೆ 20 ಅಡಿ ಉದ್ದ, 20 ಅಡಿ ಅಗಲದ ಲಾನ್ ಹಾಕಿಸಿದ್ದರು. ಮದುವೆ ಚಪ್ಪರ ಎದ್ದಿದ್ದು ಅದರ ಮೇಲೆಯೇ. ಕುರ್ಚಿ ತಂದ ಟ್ರ್ಯಾಕ್ಟರ್ ಅದರ ಮೇಲೆ ಹತ್ತಿತು, ಅಡುಗೆ ಒಲೆ ಅಲ್ಲೇ ಉರಿಯಿತು, ಬಸಿದ ಗಂಜಿಯೂ ಅಲ್ಲಿಗೇ ಹೋಯಿತು. ನಾಲ್ಕು ದಿನದ ಮೇಲೆ ಶಾಮಿಯಾನ ಬಿಚ್ಚಿದಾಗ ಅಂಗಳ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು.

ನರ್ಸರಿಯವರು ಬಂದು ನೋಡಿ, ಎಲ್ಲ ಕಿತ್ತು ಹೊಸ ಹುಲ್ಲಿನ ಕಾರ್ಪೆಟ್ ಹಾಸಬೇಕು ಎಂದರು. ಗಾರೆ ಕೆಲಸದವರು, ಇಂಟರ್‌ಲಾಕ್ ಟೈಲ್ಸ್ ಹಾಕಿಸಿಬಿಡಿ, ತಲೆನೋವೇ ಇರಲ್ಲ ಎಂದರು. ಜಗಲಿ ಮೇಲೆ ಕೂತಿದ್ದ ಅಜ್ಜಿ ಮಾತ್ರ, "ಮಳೆ ಬರ್ಲಿ ಬಿಡ್ರೋ, ಗರಿಕೆ ಎಲ್ಲೂ ಹೋಗಿಲ್ಲ" ಅಂದರು.

ನಾವು ಅಜ್ಜಿಯ ಕಡೆ. ಯಾಕೆ ಅಂತ ಹೇಳುತ್ತೇವೆ.

ಮೊದಲು ನೀರಿನ ಲೆಕ್ಕ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ ಸರಿಯಾಗಿ ಒಂದು ಲೀಟರ್. 20 ಅಡಿಗೆ 20 ಅಡಿ ಎಂದರೆ ಸುಮಾರು 37 ಚದರ ಮೀಟರ್. ಬೇಸಿಗೆಯಲ್ಲಿ ಇದನ್ನು ಹಸಿರಾಗಿ ಇಡಲು ದಿನಕ್ಕೆ 5 ಮಿಲಿಮೀಟರ್ ನೀರು ಬಿಟ್ಟರೆ 185 ಲೀಟರ್ ಆಯಿತು. 15 ಲೀಟರ್ ಕೊಡದಲ್ಲಿ 12 ಕೊಡ. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಟ್ಟಿರುವ ಲೆಕ್ಕ 55 ಲೀಟರ್. ಅಂದರೆ ಈ ಲಾನ್ ಮೂರು ಜನರಿಗೂ ಮಿಕ್ಕಿ ನೀರು ಕುಡಿಯುತ್ತದೆ.

ಗೆಳೆಯ ಹೇಳಿದ ಮಾತು ಇದು. ಮದುವೆಗೆ ಮುಂಚೆ ಅಂಗಳ ಚೆನ್ನಾಗಿ ಕಾಣಲಿ ಅಂತ ದಿನಾ ಸಂಜೆ ಬೋರ್‌ವೆಲ್ ಪೈಪ್ ಹಿಡಿದು ನಿಲ್ಲುತ್ತಿದ್ದನಂತೆ. ಆ ತಿಂಗಳು ಬೀದಿ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಮೂರು ದಿನಕ್ಕೊಮ್ಮೆ. ಎದುರು ಮನೆ ದೊಡ್ಡಮ್ಮ ಖಾಲಿ ಕೊಡ ಹಿಡಿದು ಅವನ ಮುಂದೆಯೇ ಹೋದರು. ಏನೂ ಅನ್ನಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು" ಅಂತ ಅವನು ಈಗಲೂ ಹೇಳುತ್ತಾನೆ.

ಹಾಗಾದರೆ ಟೈಲ್ಸೇ ಸರಿಯಲ್ಲವೇ ಎಂದು ನೀವು ಕೇಳಬಹುದು. ನಾವು ಒಪ್ಪುವುದಿಲ್ಲ. 10 ಮಿಲಿಮೀಟರ್ ಮಳೆ ಬಂದರೆ ಅದೇ ಅಂಗಳದ ಮೇಲೆ 370 ಲೀಟರ್ ನೀರು ಬೀಳುತ್ತದೆ. ಮಣ್ಣು ಸಡಿಲವಾಗಿದ್ದು ಹುಲ್ಲಿದ್ದರೆ ಅದರಲ್ಲಿ ಬಹುಪಾಲು ನೆಲಕ್ಕೆ ಇಳಿಯುತ್ತದೆ. ಸಿಮೆಂಟ್ ಹಾಸಿದರೆ ಚರಂಡಿಗೆ ಹೋಗುತ್ತದೆ. ಇನ್ನು ಮೇ ತಿಂಗಳ ಮಧ್ಯಾಹ್ನ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಆ ಕಾವು ರಾತ್ರಿ ಊಟದ ಹೊತ್ತಿಗೂ ಆರಿರುವುದಿಲ್ಲ.

ನೀರು ಕುಡಿಯುವ ಹುಲ್ಲೂ ಬೇಡ, ಸಿಮೆಂಟೂ ಬೇಡ ಎಂದರೆ ಉಳಿಯುವುದು ನಮ್ಮ ಹೊಲದ ಬದುವಿನ ಗರಿಕೆ. ಹೊಲದಲ್ಲಿ ಇದನ್ನು ಕಿತ್ತು ಕಿತ್ತು ಸುಸ್ತಾದವರಿಗೆ ಇದರ ಗಟ್ಟಿತನ ನಾವು ಹೇಳಿಕೊಡಬೇಕಿಲ್ಲ. ಬಿಸಿಲಿನ ನಾಡಿನ ಹುಲ್ಲು ಇದು. ನೀರಿಲ್ಲದಿದ್ದರೆ ಮೇಲೆ ಕಂದಾಗಿ ಮಲಗುತ್ತದೆ, ನೆಲದೊಳಗಿನ ಬಳ್ಳಿ ಜೀವ ಹಿಡಿದುಕೊಂಡಿರುತ್ತದೆ. ಬೇರೆ ದೇಶಗಳಲ್ಲಿ ಇದೇ ಹುಲ್ಲನ್ನು ಬರ್ಮುಡಾ ಗ್ರಾಸ್ ಎಂದು ಕರೆದು ಆಟದ ಮೈದಾನಗಳಿಗೆ ಹಾಕುತ್ತಾರೆ.

ಆದ್ದರಿಂದ ಏಪ್ರಿಲ್, ಮೇನಲ್ಲಿ ಅಂಗಳ ಕಂದಾದರೆ ಗಾಬರಿಯಾಗಬೇಡಿ. ಒಂದು ಹಿಡಿ ಹುಲ್ಲು ಬೇರು ಸಮೇತ ಅಗೆದು, ನೆಲದೊಳಗಿನ ಬಳ್ಳಿ ಮುರಿದು ನೋಡಿ. ಒಳಗೆ ಬೆಳ್ಳಗೆ, ಗಟ್ಟಿಯಾಗಿದ್ದರೆ ಜೀವ ಇದೆ. ಪುಡಿಪುಡಿಯಾದರೆ ಅಷ್ಟು ಜಾಗ ಮಾತ್ರ ಹೋಗಿದೆ. ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬಂದರೆ ಕೆಳಗೆ ಗೊಣ್ಣೆ ಹುಳು ಇದೆಯಾ ನೋಡಿ. ಹಸಿ ಸಗಣಿ ಹಾಕಿದ ಕಡೆ ಇದರ ಕಾಟ ಹೆಚ್ಚು. ಹಾಕುವುದಾದರೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರವನ್ನೇ ಹಾಕಿ.

ಮುಂಗಾರು ಹಿಡಿದ ಮೇಲೆ ಮಾಡಬೇಕಾದ ಕೆಲಸ ಇಷ್ಟು.

ಒಂದು, ನೆಲ ಸಡಿಲ ಮಾಡಿ. ಟ್ರ್ಯಾಕ್ಟರ್ ಹತ್ತಿದ ಜಾಗ, ಜನ ತುಳಿದ ಜಾಗ ಕಲ್ಲಿನಂತಾಗಿರುತ್ತದೆ. ಹದ ನೋಡಿ ಹಾರೆಯಿಂದ ಅರ್ಧ ಅಡಿಗೊಂದು, ನಾಲ್ಕು ಇಂಚು ಆಳದ ತೂತು ಹಾಕಿ. ಮನೆ ಕಟ್ಟಿದಾಗ ಉಳಿದ ಜಲ್ಲಿ, ಸಿಮೆಂಟ್ ಹೆಂಟೆ ಸಿಕ್ಕರೆ ತೆಗೆದುಹಾಕಿ. ಬಹಳ ಲಾನ್‌ಗಳು ಹಾಳಾಗುವುದು ಮೇಲಿನ ಬಿಸಿಲಿಗಿಂತ ಕೆಳಗಿನ ಈ ಕಸದಿಂದ.

ಎರಡು, ಕಳಿತ ಗೊಬ್ಬರ ಮತ್ತು ಜರಡಿ ಹಿಡಿದ ಮಣ್ಣು ಬೆರೆಸಿ ಅರ್ಧ ಇಂಚು ಹರಡಿ. ಇಷ್ಟು ಅಂಗಳಕ್ಕೆ 18ರಿಂದ 20 ಪುಟ್ಟಿ ಸಾಕು.

ಮೂರು, ಬೋಳಾದ ಕಡೆ ಮಾತ್ರ ಗರಿಕೆ ನೆಡಿ. ಮೂರು ನಾಲ್ಕು ಗೆಣ್ಣಿರುವ ತುಂಡು, ಎರಡು ಗೆಣ್ಣು ಮಣ್ಣೊಳಗೆ, ಅರ್ಧ ಅಡಿ ಅಂತರ. ಬದುವಿನಲ್ಲಿ ಪುಕ್ಕಟೆ ಸಿಗುತ್ತದೆ. ತರುವಾಗ ಜೇಕಿನ ಗಡ್ಡೆ ಜೊತೆಗೆ ಬಾರದ ಹಾಗೆ ನೋಡಿಕೊಳ್ಳಿ. ಬಂದರೆ ಗಡ್ಡೆ ಸಮೇತ ಕೈಯಲ್ಲಿ ಕೀಳಿ. ಮಕ್ಕಳು, ಕೋಳಿ ಓಡಾಡುವ ಅಂಗಳಕ್ಕೆ ಕಳೆನಾಶಕ ಬೇಡವೇ ಬೇಡ.

ನಾಲ್ಕು, ಮೊದಲ ಎರಡು ವಾರ ಮಣ್ಣು ಒಣಗಬಾರದು. ಮಳೆ ಕೈಕೊಟ್ಟರೆ ಅಕ್ಕಿ, ತರಕಾರಿ ತೊಳೆದ ನೀರು ಹಾಕಿ. ಸೋಪಿನ ಪುಡಿ, ಬ್ಲೀಚಿಂಗ್ ಬೆರೆತ ನೀರು ಬೇಡ. ಎರಡು ತಿಂಗಳು ಬೈಕ್ ನಿಲ್ಲಿಸಬೇಡಿ. ಕತ್ತರಿಸುವಾಗ ಹುಲ್ಲಿನ ಎತ್ತರದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ.

ಗರಿಕೆಗೂ ಎರಡು ದೋಷ ಇವೆ, ಮುಚ್ಚಿಡುವುದಿಲ್ಲ. ನೆರಳಿಗೆ ಬರುವುದಿಲ್ಲ. ಮಾವಿನ ಮರದ ಕೆಳಗೆ ಹಟ ಹಿಡಿಯಬೇಡಿ, ಅಲ್ಲಿ ತರಗೆಲೆ ಬಿದ್ದಿರಲಿ. ಇನ್ನೊಂದು, ಕೈದೋಟಕ್ಕೆ ನುಗ್ಗುತ್ತದೆ. ಅಂಚಿಗೆ ಕಲ್ಲು ಹೂಳಿ, ದಾಟಿದ ಬಳ್ಳಿಯನ್ನು ಆಗಾಗ ಕತ್ತರಿಸುತ್ತಿರಬೇಕು.

ಟೈಲ್ಸ್ ಕೇಳುವವರದೆಲ್ಲ ಶೋಕಿ ಎಂದು ನಾವು ಹೇಳುತ್ತಿಲ್ಲ. ವಯಸ್ಸಾದವರು ಕೆಸರಿನಲ್ಲಿ ಜಾರುತ್ತಾರೆ, ಹುಲ್ಲಿದ್ದರೆ ಹಾವಿನ ಭಯ. ಗೇಟಿನಿಂದ ಬಾಗಿಲವರೆಗೆ, ಬೈಕ್ ನಿಲ್ಲುವಲ್ಲಿ ಕಲ್ಲು ಹಾಸಿ. ಉಳಿದ ಹುಲ್ಲನ್ನು ಗಿಡ್ಡವಾಗಿ ಇಡಿ. ರಾಗಿ ಒಣಗಿಸಲು ಸಗಣಿ ಸಾರಿಸಿದ ಅಂಗಳ ಬೇಕಾದವರಿಗೆ ಲಾನೇ ಬೇಡ. ಆದರೆ ಇರುವ ಹಸಿರನ್ನು ಒಂದು ಬೇಸಿಗೆ ನೋಡಿ ಸಿಮೆಂಟಿನಡಿ ಹೂತುಬಿಡಬೇಡಿ ಅನ್ನುವುದಷ್ಟೇ ನಮ್ಮ ಮಾತು.

ಗೆಳೆಯನ ಮನೆಯಲ್ಲಿ ಟೈಲ್ಸ್ ಮಾತು ಸದ್ಯಕ್ಕೆ ನಿಂತಿದೆ. ಅವರಪ್ಪ ಮುಂಗಾರಿನ ತನಕ ಗಡುವು ಕೊಟ್ಟಿದ್ದಾರೆ. ಕಳೆದ ವಾರ ಒಂದು ಹದ ಮಳೆ ಬಿದ್ದಿತ್ತು, ಹೋಗಿ ನೋಡಿದೆವು. ನರ್ಸರಿ ಹುಲ್ಲು ಒಲೆ ಉರಿದ ಕಡೆ ಪೂರ್ತಿ ಸತ್ತಿದೆ. ಆದರೆ ಅಂಚಿನಿಂದ ನುಗ್ಗಿದ್ದ ಗರಿಕೆ ಅಲ್ಲಲ್ಲಿ ಸೂಜಿಯಷ್ಟು ಹಸಿರು ಎತ್ತಿದೆ. ಗೌರಿ ಗಣೇಶ ಹಬ್ಬದ ಪೂಜೆಗೆ 21 ಗರಿಕೆ ಈ ಅಂಗಳದಲ್ಲೇ ಕೀಳುತ್ತೇನೆ ಎಂದು ಅಜ್ಜಿ ಹೇಳಿದ್ದಾರೆ. ಎದುರು ಮನೆ ದೊಡ್ಡಮ್ಮನಿಗೂ ಅಲ್ಲಿಂದಲೇ ಕೊಡಬೇಕು ಎಂದು ಗೆಳೆಯ ಅಂದುಕೊಂಡಿದ್ದಾನೆ.