ಕಳೆ ಕೀಳುವುದರಲ್ಲೂ ವಿವೇಕ ಬೇಕು: ಸಿಡ್ನಿಯ ಕಾಡು ಕಲಿಸುವ ಪಾಠ

ಮಳೆಗಾಲ ಬಂತೆಂದರೆ ಬಸದಿ, ಕ್ಷೇತ್ರಗಳ ಸುತ್ತ ಶ್ರಮದಾನ ಆರಂಭವಾಗುತ್ತದೆ. ಪೊದೆ ಸವರಿ, ಜೆಸಿಬಿಯಿಂದ ನೆಲ ಸಮ ಮಾಡಿ, ಸಸಿ ನೆಟ್ಟರೆ ಪರಿಸರ ಸೇವೆ ಮುಗಿಯಿತೆಂಬ ಭಾವನೆ ಹಲವರಲ್ಲಿದೆ. ಆದರೆ ಸವರಿದ ಜಾಗದಲ್ಲಿ ಲಂಟಾನ ಮತ್ತೆ ಚಿಗುರುತ್ತದೆ. ಹೀಗೇಕಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಸಿಡ್ನಿ ನಗರದ ಅನುಭವದಲ್ಲಿ ಉತ್ತರವಿದೆ. ಅಲ್ಲಿನ ಕಾಡಿಗೂ ಲಂಟಾನವೇ ಶತ್ರು.

ಸಿಡ್ನಿಯ ಮಾಸ್ಮನ್ ಪ್ರದೇಶದ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಸಹೋದರಿಯರು 1960ರ ದಶಕದಲ್ಲಿ ಮನೆಯ ಸಮೀಪದ ಕಾಡಿನಲ್ಲಿ ಕೈಯಿಂದಲೇ ಕಳೆ ಕೀಳುತ್ತಿದ್ದರು. ನೆಲ ಬೋಳಾದಲ್ಲಿ ಮೊದಲು ಮೇಲೇಳುವುದು ಕಳೆಯೇ ಎಂಬುದನ್ನು ಕಂಡುಕೊಂಡ ಅವರು ಮೂರು ನಿಯಮ ಹಾಕಿಕೊಂಡರು. ಒಂದು, ಕಾಡು ಚೆನ್ನಾಗಿರುವ ಕಡೆಯಿಂದ ಕೆಲಸ ಆರಂಭಿಸಿ ಕೆಟ್ಟಿರುವ ಕಡೆಗೆ ಸಾಗಬೇಕು. ಎರಡು, ಮಣ್ಣನ್ನು ಕೆದಕಬಾರದು; ಸರಿಸಿದ ತರಗೆಲೆಯನ್ನು ಮತ್ತೆ ಅಲ್ಲಿಯೇ ಹರಡಬೇಕು. ಮೂರು, ಸ್ಥಳೀಯ ಸಸ್ಯಗಳು ಮರಳಿ ಬೆಳೆದು ಜಾಗ ತುಂಬುವ ವೇಗಕ್ಕಿಂತ ಹೆಚ್ಚು ವೇಗವಾಗಿ ಕಳೆ ತೆಗೆಯಬಾರದು. ಈ ವಿಧಾನ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇಂದು ಆಸ್ಟ್ರೇಲಿಯಾದ ಅನೇಕ ನಗರಗಳಲ್ಲಿ ಸ್ವಯಂಸೇವಕರ ತಂಡಗಳು ಬಡಾವಣೆಯ ಪಕ್ಕದ ಕಾಡುಗಳನ್ನು ನೋಡಿಕೊಳ್ಳುತ್ತಿವೆ.

ವನಸ್ಪತಿಯೂ ಏಕೇಂದ್ರಿಯ ಜೀವ ಎಂದು ನಂಬುವ ಶ್ರಾವಕರಿಗೆ ಕಳೆ ಕೀಳುವುದೇ ಹಿಂಸೆಯಲ್ಲವೇ ಎಂಬ ಪ್ರಶ್ನೆ ಸಹಜ. ಹಿಂಸೆ ಇಲ್ಲವೆನ್ನಲಾಗದು. ಗೃಹಸ್ಥನಿಗೆ ಆರಂಭಿ ಹಿಂಸೆ ಪೂರ್ತಿ ತಪ್ಪದು. ಆದರೆ ಪ್ರಯೋಜನವಿಲ್ಲದೆ ನೆಲ ಅಗೆಯುವುದು, ಗಿಡ ಕಡಿಯುವುದು ಅನರ್ಥದಂಡ. ಈ ದೃಷ್ಟಿಯಿಂದ ನೋಡಿದರೆ ಜೆಸಿಬಿಗೂ ಬ್ರಾಡ್ಲಿ ವಿಧಾನಕ್ಕೂ ಇರುವ ಅಂತರ ಸ್ಪಷ್ಟ. ಜೆಸಿಬಿ ಮಣ್ಣಿನಲ್ಲಿರುವ ಇರುವೆ, ಎರೆಹುಳು, ಹಲ್ಲಿಗಳನ್ನೂ ಹೊಸಕುತ್ತದೆ, ಕೊನೆಗೆ ಕಳೆಗೇ ದಾರಿ ಮಾಡಿಕೊಡುತ್ತದೆ. ಲಂಟಾನ ಪೊದೆಯಲ್ಲೂ ಸಣ್ಣ ಹಕ್ಕಿಗಳು ಆಶ್ರಯ ಪಡೆದಿರುತ್ತವೆ. ಸ್ವಲ್ಪ ಸ್ವಲ್ಪವಾಗಿ ತೆಗೆದರೆ ಅವು ಬೇರೆ ಗಿಡಕ್ಕೆ ಹೋಗಲು ಅವಕಾಶ ಸಿಗುತ್ತದೆ.

ಈ ವಿಧಾನಕ್ಕೂ ಮಿತಿಯಿದೆ. ಫಲ ಕಾಣಲು ವರ್ಷಗಳು ಬೇಕು. ಸ್ಥಳೀಯ ಬೀಜವೇ ಉಳಿಯದಷ್ಟು ನೆಲ ಕೆಟ್ಟಿದ್ದರೆ ಸಸಿ ನೆಡುವುದು ಅನಿವಾರ್ಯ. ಉದ್ಘಾಟನೆಗೆ ನೂರು ಜನ ಬಂದು ಮರುತಿಂಗಳು ಯಾರೂ ಬಾರದಿದ್ದರೆ ಯಾವ ವಿಧಾನವೂ ಫಲಿಸದು.

ಕಾಡು ನೋಡಲು ಹೋಗುವವರ ಹೊಣೆಯೂ ಕಡಿಮೆಯಲ್ಲ. ಮಕ್ಕಳನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗುವ ಹಿರಿಯರು ಅಲ್ಲಿನ ಕೆಲವು ಕಾಡುಗಳ ಬಾಗಿಲಲ್ಲಿ ಪಾದರಕ್ಷೆ ಶುಚಿಗೊಳಿಸುವ ವ್ಯವಸ್ಥೆ ಕಾಣಬಹುದು. ಬೂಟಿನ ಮಣ್ಣಿನ ಮೂಲಕ ಫೈಟಾಫ್ತೊರಾ ಎಂಬ ರೋಗಾಣು ಹರಡಿ ಗಿಡಗಳ ಬೇರು ಕೊಳೆಸುತ್ತದೆ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರನ್ನು ಕಾಡುವ ಕೊಳೆರೋಗವೂ ಇದೇ ಕುಲದ ರೋಗಾಣುವಿನಿಂದ ಬರುವಂಥದ್ದು. ನೋಡಿ ಹೆಜ್ಜೆ ಇಡಬೇಕೆನ್ನುವ ಈರ್ಯಾ ಸಮಿತಿ ಮುನಿಗಳ ಆಚಾರ. ಕಾಡಿಗೆ ಹೋಗುವ ಗೃಹಸ್ಥನೂ ದಾರಿ ಬಿಟ್ಟು ನಡೆಯದಿದ್ದರೆ, ಹೂ ಕೀಳದಿದ್ದರೆ, ಹಕ್ಕಿಗೆ ತಿಂಡಿ ಎಸೆಯದಿದ್ದರೆ ಅದರ ಆಶಯ ಪಾಲಿಸಿದಂತೆ.

ತಪಸ್ಸಿನಲ್ಲಿದ್ದ ಬಾಹುಬಲಿ ಸ್ವಾಮಿಯ ಕಾಲಿನ ಬಳಿ ಹುತ್ತ ಬೆಳೆಯಿತು, ಮೈಮೇಲೆ ಬಳ್ಳಿ ಹಬ್ಬಿತು. ಅಂಥ ಮೂರ್ತಿಯನ್ನು ಪೂಜಿಸುವ ಸಮಾಜ ತನ್ನ ಬೆಟ್ಟಗಳಲ್ಲಿ ತಾನಾಗಿ ಬೆಳೆದ ಗಿಡಗಳನ್ನು ಮೊದಲು ಗುರುತಿಸಬೇಕು. ಈ ಮಳೆಗಾಲದಲ್ಲಿ ಪ್ರತಿ ಬಸದಿ ಸಮಿತಿಯೂ ಊರಿನ ಗಿಡಮರ ಬಲ್ಲ ಹಿರಿಯರೊಬ್ಬರನ್ನು ಕರೆದು, ಉಳಿಸಬೇಕಾದ ಗಿಡಗಳ ಪಟ್ಟಿ ಮಾಡಿದ ನಂತರವೇ ಕತ್ತಿ ಹಿಡಿಯುವುದು ಒಳಿತು.